ಮುಟ್ಟಲಿಲ್ಲ ಅಂದ ಕೆಂಪರಾಜು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂತ ನಾನು ಶುರು ಮಾಡಿದ ಕೂಡಲೇ ಹಿಂದಿನ ಸಾಲಿನಲ್ಲಿ ನಾಲ್ಕು ಜನ ಗೋಡೆಗೆ ಒರಗಿಬಿಡ್ತಾರೆ. ಅವರಿಗೆ ಗೊತ್ತು. ಶ್ರೀಮಂತನಿಗೆ ದುರಾಸೆ ಬರುತ್ತೆ, ಒಬ್ಬ ಸಾಧು ಬರ್ತಾನೆ, ಶ್ರೀಮಂತ ಕಾಲಿಗೆ ಬೀಳ್ತಾನೆ, ಆಮೇಲೆ ಊಟ. ಅದಕ್ಕೇ ಇವತ್ತು ಶ್ರೀಮಂತನಿಗೆ ರಜೆ ಕೊಟ್ಟಿದೀನಿ. ಒಂದೂರಲ್ಲಿ ಒಬ್ಬ ಕಬಡ್ಡಿ ಆಟಗಾರ ಇದ್ದ. ಗೋಡೆಗೆ ಒರಗಿದವರು ಸ್ವಲ್ಪ ಮುಂದಕ್ಕೆ ಬನ್ನಿ.

ಇವತ್ತಿನ ಪ್ರವಚನದಲ್ಲಿ ಇಷ್ಟು ಹೊತ್ತು ನಾವು ಏನು ಮಾತಾಡ್ತಿದ್ವಿ? ತಪ್ಪು ಒಪ್ಪಿಕೊಳ್ಳೋದರ ಬಗ್ಗೆ. ದೇವರ ಮುಂದೆ ಒಪ್ಪಿಕೊಳ್ಳೋದು ಸುಲಭ, ಯಾಕೆಂದರೆ ದೇವರು ತಿರುಗಿ ಬೈಯೋದಿಲ್ಲ. ಹೆಂಡತಿ ಮುಂದೆ? ಗಂಡನ ಮುಂದೆ? ಅತ್ತೆ ಮುಂದೆ? ಅಲ್ಲಿ ನಮ್ಮ ನಾಲಿಗೆ ಒಣಗುತ್ತೆ. ಈ ಕೆಂಪರಾಜುವಿಗೂ ಹಾಗೇ ಒಣಗ್ತಿತ್ತು.

ಕೆಂಪರಾಜು ಕೊಳ್ಳೇಗಾಲದ ಕಡೆಯವನು. ಅಪ್ಪ ರೋಡ್ ರೋಲರ್ ಓಡಿಸ್ತಿದ್ದ. ರಸ್ತೆ ಮೇಲೆ ಹೋಗೋ ವಾಹನಗಳಲ್ಲೆಲ್ಲ ನಿಧಾನದ್ದು ಅದು; ಮೇಯ್ತಾ ಹೋಗೋ ಆಡು ಕೂಡ ಅದನ್ನು ಹಿಂದೆ ಹಾಕುತ್ತೆ. ಮಗ ಮಾತ್ರ ಚುರುಕಾದ ಚುರುಕು. ಹದಿಮೂರು ವರ್ಷಕ್ಕೇ ಶಾಲೆ ಬಯಲಿನಲ್ಲಿ ಅವನ ಕೈಗೆ ಸಿಕ್ಕ ಕಾಲು ಬಿಡಿಸಿಕೊಂಡು ಹೋಗ್ತಿರಲಿಲ್ಲ.

ಕಬಡ್ಡಿ ಗೊತ್ತಲ್ಲ, ತಾಯಂದಿರೇ? ಆ ಕಡೆಯಿಂದ ಒಬ್ಬ ಕಬಡ್ಡಿ ಕಬಡ್ಡಿ ಅಂತ ಉಸಿರು ಕಟ್ಟಿಕೊಂಡು ಬರ್ತಾನೆ. ಅವನಿಗೆ ರೈಡರ್ ಅಂತಾರೆ. ಯಾರನ್ನಾದರೂ ಮುಟ್ಟಿ ನಡುಗೆರೆಗೆ ಓಡಿಹೋಗೋದು ಅವನ ಕೆಲಸ. ಹೋಗೋಕೆ ಬಿಡದೆ ಹಿಡಿದು ಕೆಡವೋದು ಈ ಕಡೆಯವರ ಕೆಲಸ. ಅವನು ಮುಟ್ಟಿ ದಾಟಿಬಿಟ್ಟರೆ ಮುಟ್ಟಿಸಿಕೊಂಡವನು ಔಟ್, ಗೆರೆಯಿಂದಾಚೆ ಹೋಗಿ ಕೂರಬೇಕು. ಕೆಂಪರಾಜು ಹಿಡಿಯೋ ಕಡೆಯವನು. ಡಿಫೆಂಡರ್. ಬಲಗಡೆ ಮೂಲೆಯಲ್ಲಿ ಸ್ವಲ್ಪ ಬಗ್ಗಿ ನಿಂತಿರ್ತಿದ್ದ, ರೈಡರ್ ಕಾಲು ಚಾಚಿದ ಅಂದರೆ ಹಿಮ್ಮಡಿ ಹತ್ತಿರ ಹಿಡಿದುಬಿಡೋನು. ಆಮೇಲೆ ಆ ಕಾಲು ಅವನದೇ.

ಇಷ್ಟೇ ಆಗಿದ್ದರೆ ನಾನು ಈ ಕಥೆ ಹೇಳ್ತಿರಲಿಲ್ಲ. ಅವನಿಗೆ ಇನ್ನೊಂದು ವಿದ್ಯೆ ಇತ್ತು. ಮುಟ್ಟಿಸಿಕೊಂಡರೂ ಮುಖದಲ್ಲಿ ಏನೂ ತೋರಿಸ್ತಿರಲಿಲ್ಲ. ಬೇರೆ ಹುಡುಗರು ಮುಟ್ಟಿಸಿಕೊಂಡ ಕೂಡಲೇ ಹಣೆ ಚಚ್ಚಿಕೊಳ್ತಾರೆ, ಮುಟ್ಟಿದ ಜಾಗ ಉಜ್ಜಿಕೊಳ್ತಾರೆ. ಇವನು ರೇಷನ್ ಕಾರ್ಡಿನ ಫೋಟೋ ಥರ ನಿಂತಿರ್ತಿದ್ದ. ಮುಟ್ಟಲಿಲ್ಲ ಸಾರ್ ಅಂತಿದ್ದ. ಆ ಮುಖ ನೋಡಿದರೆ ಮುಟ್ಟಿದವನಿಗೇ ಅನುಮಾನ ಬರ್ತಿತ್ತು, ನಾನು ಮುಟ್ಟಿದ್ದು ಇವನನ್ನೋ ಇಲ್ಲ ಪಕ್ಕದ ಕಂಬಾನೋ ಅಂತ.

ಮನೆಯಲ್ಲೂ ಅದೇ. ಹಬ್ಬಕ್ಕೆ ಮಾಡಿಟ್ಟ ಕೊಬ್ಬರಿ ಮಿಠಾಯಿ ಡಬ್ಬದಲ್ಲಿ ಅರ್ಧ ಖಾಲಿ. ನಾನು ಮುಟ್ಟಲಿಲ್ಲ ಕಣವ್ವ ಅಂದ. ತಾಯಿ ಚಿಕ್ಕತಾಯಮ್ಮನಿಗೆ ಆ ಮುಖ ನೋಡಿ ಎಷ್ಟು ನಂಬಿಕೆ ಅಂದರೆ, ಇರುವೆ ಮೇಲೆ ಹಾಕಿದಳು. ನೋಡಿ, ಇರುವೆಗಳು ಬಂದು, ಡಬ್ಬದ ಮುಚ್ಚಳ ತಿರುಗಿಸಿ ತೆಗೆದು, ತಿಂದು, ಮತ್ತೆ ಗಟ್ಟಿಯಾಗಿ ಮುಚ್ಚಿಟ್ಟು ಹೋದವಂತೆ. ನನ್ನ ಮಗ ಒಂದು ಸುಳ್ಳು ಹೇಳೋನಲ್ಲ ಅಂತ ಬೀದಿಗೆಲ್ಲ ಹೇಳಿಕೊಂಡು ಬಂದಳು ಆ ತಾಯಿ. ನಗ್ತೀರಿ. ನಿಮ್ಮ ಮನೆ ಇರುವೆಗಳೂ ಅಷ್ಟೇ ಬುದ್ಧಿವಂತ ಇರುವೆಗಳು, ನನಗೆ ಗೊತ್ತು.

ಹದಿನೇಳನೇ ವಯಸ್ಸಿಗೆ ಅವನಿಗೆ ಒಂದು ಕ್ರೀಡಾ ಹಾಸ್ಟೆಲ್ ಸೇರೋಕೆ ಅವಕಾಶ ಸಿಕ್ಕಿತು. ಅಲ್ಲಿ ಅವನಿಗಿಂತ ಆರು ವರ್ಷ ದೊಡ್ಡವನೊಬ್ಬ ಇದ್ದ, ಮುನಿವೆಂಕಟ ಅಂತ. ಮುಳಬಾಗಿಲ ಕಡೆಯವನು, ಉದ್ದ ಕೈ, ಉದ್ದ ಕಾಲು, ರೈಡರ್. ಓದು ಮುಗಿದಿದ್ದರೂ ತಾಲೀಮಿಗೆ ಅಲ್ಲಿಗೇ ಬರ್ತಿದ್ದ. ಈ ಹುಡುಗನ ಕೈಯಲ್ಲಿ ಏನೋ ಇದೆ ಅಂತ ಮೊದಲು ಕಂಡುಕೊಂಡವನು ಅವನೇ. ದಿನಾ ಬೆಳಿಗ್ಗೆ ಕೆಂಪರಾಜುವನ್ನು ಮೂಲೆಯಲ್ಲಿ ನಿಲ್ಲಿಸಿ, ತನ್ನ ಕಾಲನ್ನೇ ಮುಂದೆ ಚಾಚಿ, ಹಿಡಿ ಅಂತಿದ್ದ. ಇವನು ಹಿಡಿಯೋದು, ಅವನು ಬೀಳೋದು. ಮತ್ತೆ ಎದ್ದು, ಹೀಗಲ್ಲ, ಹೆಬ್ಬೆರಳು ಒಳಗಡೆ ಬರಲಿ ಅನ್ನೋದು. ಮತ್ತೆ ಬೀಳೋದು. ಆ ವರ್ಷವೆಲ್ಲ ಮುನಿವೆಂಕಟನ ಹಿಮ್ಮಡಿ ಊದಿಕೊಂಡೇ ಇತ್ತು. ಒಬ್ಬನಿಗೆ ವಿದ್ಯೆ ಕಲಿಸೋದಕ್ಕೆ ತನ್ನ ಕಾಲನ್ನೇ ಕೊಟ್ಟವನು ಅವನು.

ಆ ಮುನಿವೆಂಕಟನಿಗೆ ಒಂದು ಅಭ್ಯಾಸ ಇತ್ತು. ತಾಲೀಮಿನಲ್ಲಿ ಅವನೂ ಹಿಡಿಯೋ ಕಡೆ ನಿಂತಾಗ ಯಾರಾದರೂ ಮುಟ್ಟಿದರೆ, ಯಾರೂ ನೋಡದೇ ಇದ್ದರೂ, ಯಾರೂ ಕೇಳದೇ ಇದ್ದರೂ, ಕೈ ಎತ್ತಿ ತಾನೇ ನಡೆದು ಹೊರಗೆ ಹೋಗ್ತಿದ್ದ. ಹಾಸ್ಟೆಲಿನ ಹುಡುಗರು ನಗ್ತಿದ್ದರು. ಕೆಂಪರಾಜುವೂ ಮನಸ್ಸಿನಲ್ಲಿ ನಗ್ತಿದ್ದ. ಅಣ್ಣ ಒಳ್ಳೆಯವನು, ಆದರೆ ಸ್ವಲ್ಪ ಪೆದ್ದ ಅಂದುಕೊಳ್ತಿದ್ದ.

ಇಪ್ಪತ್ತೆರಡಕ್ಕೆ ಕೆಂಪರಾಜು ಒಂದು ಇಲಾಖೆಯ ತಂಡ ಸೇರಿದ. ಇಪ್ಪತ್ತನಾಲ್ಕಕ್ಕೆ ಟಿವಿಯಲ್ಲಿ ಬರೋ ದೊಡ್ಡ ಪಂದ್ಯಾವಳಿಗೆ ಆಯ್ಕೆಯಾದ. ಬಣ್ಣದ ಅಂಗಿ, ಬೆನ್ನ ಮೇಲೆ ಹೆಸರು, ಹೊಗೆ, ದೀಪ, ಸಂಗೀತ. ಕಾಮೆಂಟರಿ ಹೇಳೋರು ಅವನಿಗೆ ಹಿಮ್ಮಡಿ ಕೆಂಪ ಅಂತ ಹೆಸರಿಟ್ಟರು. ಸುಮ್ಮನೆ ಇಟ್ಟದ್ದಲ್ಲ, ನಿಜವಾಗಿಯೂ ಅವನಷ್ಟು ಚೆನ್ನಾಗಿ ಹಿಡಿಯೋರು ದೇಶದಲ್ಲಿ ನಾಲ್ಕೈದು ಜನ ಇದ್ದರೇನೋ. ಜೊತೆಗೆ ಆ ಇನ್ನೊಂದು ವಿದ್ಯೆಯೂ ನಡೀತಾನೇ ಇತ್ತು. ಕೂದಲೆಳೆಯಷ್ಟು ಮುಟ್ಟಿರೋದನ್ನ ಒಪ್ಪಿಕೊಳ್ಳದೆ ಒಂದು ಪಂದ್ಯಕ್ಕೆ ಒಂದೋ ಎರಡೋ ಸಲ ದಕ್ಕಿಸಿಕೊಳ್ತಿದ್ದ. ಕ್ಯಾಮೆರಾ ಹಿಡಿದರೆ ಹಿಡಿಯಿತು, ಇಲ್ಲದಿದ್ದರೆ ಇಲ್ಲ.

ಮದುವೆ ಆಯಿತು. ಹುಡುಗಿ ನಾಗವೇಣಿ, ಮೈಸೂರಿನಲ್ಲಿ ರಕ್ತ ಪರೀಕ್ಷೆ ಮಾಡೋ ಲ್ಯಾಬಿನಲ್ಲಿ ಕೆಲಸ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಮೇಡಂ ಅಂತ ಬಾಯಲ್ಲಿ ಮೈಸೂರು ಪಾಕಿನ ತುಪ್ಪ ಹೊಳೀತಿರೋವಾಗಲೇ ಹೇಳೋ ಸಕ್ಕರೆ ಕಾಯಿಲೆಯವರನ್ನು ದಿನಾ ನೋಡಿದವಳು. ಅಂಥವಳ ಮುಂದೆ ಇವನ ಆಟ ನಡೆಯುತ್ತಾ?

ಮದುವೆಯಾದ ಮೊದಲ ತಿಂಗಳೇ ಬಚ್ಚಲಿನ ನಲ್ಲಿ ನಿಲ್ಲಿಸದೆ ಹೋಗಿ ಟ್ಯಾಂಕೆಲ್ಲ ಖಾಲಿ ಆಯಿತು. ನಲ್ಲಿ ಬಿಟ್ಟಿದ್ದು ಯಾರು ಅಂತ ಕೇಳಿದಳು. ನಾನಲ್ಲ ಅಂದ. ಅವಳು ಸೊಂಟದ ಮೇಲೆ ಕೈಯಿಟ್ಟು ಸಮಾಧಾನವಾಗಿ ಹೇಳಿದಳು:

"ಈ ಮನೇಲಿರೋದು ನಾವಿಬ್ಬರು. ನಾನು ಬಿಟ್ಟಿಲ್ಲ. ಇನ್ನು ಉಳಿದವರು ಯಾರು ಅಂತ ನೀವೇ ಲೆಕ್ಕ ಹಾಕಿ."

ಕೆಂಪರಾಜು ಲೆಕ್ಕ ಹಾಕಿದ ಹಾಗೆ ಮಾಡಿ, ವಾಷರ್ ಸವೆದಿರಬೇಕು ಅಂದ. ಇನ್ನೊಂದು ಸಲ ಅವಳ ಸ್ಕೂಟರಿನ ಒಂದು ಬದಿ ನಜ್ಜಾಗಿತ್ತು. ನಿಲ್ಲಿಸಿದ್ದಾಗ ಯಾರೋ ಗುದ್ದಿರಬೇಕು ಅಂದ. ಅವಳ ತಮ್ಮನ ಮದುವೆಗೆ ಹೋಗೋ ರೈಲು ತಪ್ಪಿತು. ಟಿಕೆಟ್‌ನಲ್ಲಿ ಹೊತ್ತು ತಪ್ಪು ಓದಿದ್ದು ಇವನು, ಬೈದದ್ದು ಆಟೋದವನನ್ನ. ಮೊದಮೊದಲು ನಾಗವೇಣಿ ಕೇಳ್ತಿದ್ದಳು, ವಾದ ಮಾಡ್ತಿದ್ದಳು. ಆಮೇಲೆ ಒಂದೊಂದಾಗಿ ಕೇಳೋದನ್ನು ಬಿಟ್ಟಳು. ಅದನ್ನು ಕೆಂಪರಾಜು ತಾನು ಗೆದ್ದೆ ಅಂದುಕೊಂಡ. ಹೆಂಡತಿ ಜಗಳ ಬಿಟ್ಟಳು ಅಂದರೆ ಗೆದ್ದೆವು ಅಂತ ಖುಷಿ ಪಡೋ ಗಂಡಸರು ಈ ಸಭೆಯಲ್ಲಿ ಯಾರಾದರೂ ಇದ್ದರೆ, ದಯವಿಟ್ಟು ಮುಂದಿನದು ಗಮನ ಕೊಟ್ಟು ಕೇಳಿ.

ಆ ದೊಡ್ಡ ಪಂದ್ಯಾವಳಿ ಸೇರಿದ ನಾಲ್ಕು ವರ್ಷದ ಮೇಲೆ ಒಂದು ಸೆಮಿಫೈನಲ್. ಎದುರು ತಂಡದಲ್ಲಿ ಮುನಿವೆಂಕಟ. ಅವನಿಗಾಗಲೇ ಮೂವತ್ತನಾಲ್ಕು, ಅದೇ ತನ್ನ ಕೊನೆಯ ಪಂದ್ಯಾವಳಿ ಅಂತ ಹೇಳಿಬಿಟ್ಟಿದ್ದ. ಆಟ ಬಿಟ್ಟ ಮೇಲೆ ಒಂದು ತರಬೇತಿ ಕೇಂದ್ರದಲ್ಲಿ ಕೋಚ್ ಆಗೋದು ಅಂತ ಮಾತೂ ಆಗಿತ್ತು. ಪಂದ್ಯದ ಕೊನೇ ಅರ್ಧ ನಿಮಿಷ. ಕೆಂಪರಾಜುವಿನ ತಂಡ ಒಂದೇ ಒಂದು ಪಾಯಿಂಟು ಮುಂದೆ. ಕೊನೆಯ ರೈಡಿಗೆ ಮುನಿವೆಂಕಟನೇ ಬಂದ.

ಎಡಕ್ಕೆ ಹೋದ, ಬಲಕ್ಕೆ ಬಂದ, ಕಾಲು ಚಾಚಿದ. ಕೆಂಪರಾಜು ಬಗ್ಗಿದ. ಕಾಲು ಬರಲಿಲ್ಲ, ಕೈ ಬಂತು. ಮುನಿವೆಂಕಟನ ಉಗುರು ಕೆಂಪರಾಜುವಿನ ಮೊಣಕೈ ಮೇಲೆ ಚುರ್ ಅಂತ ಗೀರಿತು. ಗೀರಿ, ಅವನು ಹಿಂದಕ್ಕೆ ಹಾರಿ ಗೆರೆ ದಾಟಿ, ಒಂದು ಬೆರಳು ಮೇಲೆತ್ತಿ ನಿಂತ.

ರೆಫರಿ ನೋಡಿರಲಿಲ್ಲ. ಮುಟ್ಟಿದ್ದಕ್ಕೆ ಗುರುತಿಲ್ಲ ಅಂದರು. ಮುನಿವೆಂಕಟ ಟಿವಿಯಲ್ಲಿ ನೋಡಿ ಅಂತ ಕೇಳಿದ. ಒಂದು ಕ್ಯಾಮೆರಾಗೆ ಪಕ್ಕದ ಆಟಗಾರನ ಬೆನ್ನು ಅಡ್ಡ, ಇನ್ನೊಂದಕ್ಕೆ ರೆಫರಿಯ ಬೆನ್ನೇ ಅಡ್ಡ. ತೀರ್ಪು ಬದಲಾಗಲಿಲ್ಲ. ಆಗ ಮುನಿವೆಂಕಟ ನಡುಗೆರೆಯ ಹತ್ತಿರ ಬಂದು, ಸಾವಿರಾರು ಜನ ನೋಡ್ತಿರುವಾಗ, ಮನೆಯಲ್ಲಿ ಮಾತಾಡೋ ದನಿಯಲ್ಲಿ ಕೇಳಿದ:

"ಕೆಂಪ, ನೀನೇ ಹೇಳಿಬಿಡಪ್ಪ. ಮುಟ್ಟಿತೋ ಇಲ್ವೋ?"

ಕೆಂಪರಾಜುವಿನ ಮೊಣಕೈ ಇನ್ನೂ ಉರೀತಿತ್ತು. ಅವನು ಆ ಮುಖವನ್ನು ನೋಡಿದ. ಹಿಮ್ಮಡಿ ಕೊಟ್ಟು ವಿದ್ಯೆ ಕಲಿಸಿದ ಮುಖ.

"ಇಲ್ಲಣ್ಣ," ಅಂದ.

ಇಲ್ಲಿ ಒಂದು ವಿಷಯ ನೋಡಿ. ಒಪ್ಪಿಕೊಂಡಿದ್ದರೆ ಅವನೇನು ಸೋತುಹೋಗ್ತಿದ್ದನಾ? ಇಲ್ಲ. ಪಂದ್ಯ ಸಮ ಆಗ್ತಿತ್ತು, ಅಷ್ಟೇ. ಮತ್ತೆ ಐದೈದು ರೈಡ್ ಆಡಿಸ್ತಿದ್ದರು. ಗೆಲ್ಲಬಹುದಿತ್ತು. ಅವನು ಸುಳ್ಳು ಹೇಳಿದ್ದು ಸೋಲು ತಪ್ಪಿಸೋದಕ್ಕಲ್ಲ, ಇನ್ನೊಂದು ಸಲ ಆಡೋ ಕಷ್ಟ ತಪ್ಪಿಸೋದಕ್ಕೆ. ನಮ್ಮ ಸುಳ್ಳುಗಳಲ್ಲಿ ಮುಕ್ಕಾಲು ಪಾಲು ಇಂಥವೇ. ಮನೆ ಮುಳುಗುತ್ತೆ ಅಂತ ನಾವು ಸುಳ್ಳು ಹೇಳೋದಿಲ್ಲ. ಐದು ನಿಮಿಷದ ಮುಜುಗರ ಬೇಡ ಅಂತ ಹೇಳ್ತೀವಿ.

ಕೆಂಪರಾಜುವಿನ ತಂಡ ಫೈನಲ್ ಗೆದ್ದಿತು. ಮನೆಗೆ ಬಂದಾಗ ಮಾಲೆ, ಪಟಾಕಿ. ಎಲ್ಲ ಮುಗಿದ ಮೇಲೆ ನಾಗವೇಣಿ ಅವನ ಬೆನ್ನಿಗೆ ಎಣ್ಣೆ ತಿಕ್ಕುವಾಗ ಮೊಣಕೈ ಮೇಲೆ ಒಣಗಿದ ಗೀರು ಕಂಡಳು. ಆ ಸೆಮಿಫೈನಲ್ ಅವಳು ಟಿವಿಯಲ್ಲಿ ನೋಡಿದ್ದಳು. ಇದು ಹೇಗಾಯ್ತು ಅಂತ ಕೇಳಿದಳು. ಎಲ್ಲೋ ತಗುಲಿದೆ ಅಂದ. ಎಲ್ಲಿ ಅಂತ ಕೇಳಿದಳು. ಗೊತ್ತಿಲ್ಲ ಅಂದ. ಅವಳು ಎಣ್ಣೆ ತಿಕ್ಕೋದನ್ನು ಮುಗಿಸಿ, ಕೈ ತೊಳೆದುಕೊಂಡು ಒಳಗೆ ಹೋದಳು.

ಅತ್ತ ಮುನಿವೆಂಕಟನ ಕಥೆ ಏನಾಯ್ತು? ಅವನು ಬೆರಳೆತ್ತಿ ಬೇಡ್ತಾ ನಿಂತಿದ್ದ ವಿಡಿಯೋಕ್ಕೆ ಯಾರೋ ಹಾಡು ಸೇರಿಸಿ ಊರೂರಿಗೆ ಹಂಚಿದರು. ಹದಿನೈದು ವರ್ಷ ಒಂದು ಕಪ್ಪು ಚುಕ್ಕೆ ಇಲ್ಲದೆ ಆಡಿದವನು ಕೊನೆಗೆ ಒಂದು ಪಾಯಿಂಟಿಗೆ ಸುಳ್ಳು ಹೇಳಿದ ಅಂದರು. ಬಸ್ಸಿನಲ್ಲಿ ಕಾಲೇಜು ಹುಡುಗರು ಅವನ ಭುಜ ಮುಟ್ಟಿ, ಅಣ್ಣ ಮುಟ್ಟಿತಾ, ಟಿವಿ ನೋಡೋಣ್ವಾ ಅಂತ ಕಿಚಾಯಿಸಿದರು. ತರಬೇತಿ ಕೇಂದ್ರದವರು ಈ ವರ್ಷ ಬೇಡ, ಮುಂದೆ ನೋಡೋಣ ಅಂತ ಕಾಗದ ಬರೆದರು. ಮುನಿವೆಂಕಟ ಊರಿಗೆ ಹೋಗಿ ಟೊಮೆಟೊ ಮಂಡಿಯಲ್ಲಿ ತೂಕದ ಕೆಲಸಕ್ಕೆ ಸೇರಿಕೊಂಡ.

ಮುಂದಿನ ವರ್ಷ ಕೆಂಪರಾಜುವಿಗೂ ಅದರ ಬಿಸಿ ತಟ್ಟಿತು, ಹೇಗೆ ಅಂತ ಹೇಳ್ತೀನಿ. ಕಬಡ್ಡಿಯಲ್ಲಿ ಒಂದು ಸೂಕ್ಷ್ಮ ಇದೆ. ರೈಡರ್ ಯಾರನ್ನೂ ಮುಟ್ಟದೆ ವಾಪಸ್ ಹೊರಟರೆ ಹೋಗಲಿ ಅಂತ ಬಿಡಬಹುದು. ಮುಟ್ಟಿದ್ದರೆ ಎಲ್ಲರೂ ಸೇರಿ ಮೇಲೆ ಬಿದ್ದಾದರೂ ಹಿಡೀಬೇಕು. ಅದಕ್ಕೇ ಜೊತೆಗಾರರು ಕಣ್ಣಲ್ಲೇ, ಬಾಯಲ್ಲೇ ಕೇಳ್ತಾರೆ: ಮುಟ್ಟಿತಾ? ಅದಕ್ಕೆ ನಿಜ ಹೇಳಬೇಕು. ಎದುರಾಳಿಗಲ್ಲ, ರೆಫರಿಗಲ್ಲ, ಸ್ವಂತ ತಂಡದವರಿಗೆ.

ಒಂದು ಮುಖ್ಯ ಪಂದ್ಯದಲ್ಲಿ ರೈಡರ್ ಒಬ್ಬನ ಪಾದ ಕೆಂಪರಾಜುವಿನ ಮೊಣಕಾಲಿಗೆ ಸವರಿತು. ಪಕ್ಕದವನು ಮುಟ್ಟಿತಾ ಅಂದ. ಕೆಂಪರಾಜು ಯೋಚನೆ ಮಾಡೋ ಮೊದಲೇ ಬಾಯಿ ಇಲ್ಲ ಅಂತು. ಎಲ್ಲರೂ ಕೈ ಬಿಟ್ಟರು. ರೈಡರ್ ಆರಾಮಾಗಿ ನಡೆದು ಗೆರೆ ದಾಟಿ, ಟಿವಿ ನೋಡಿ ಅಂದ. ನೋಡಿದರು. ಎಷ್ಟು ಸ್ಪಷ್ಟ ಅಂದರೆ ಚಪ್ಪಾಳೆ ತಟ್ಟೋ ಪ್ರೇಕ್ಷಕರಿಗೂ ಕಾಣಿಸಿತು. ಆ ಪಂದ್ಯ ಹೋಯಿತು. ಕೋಚ್ ಕೂಗಾಡಲಿಲ್ಲ. ಪಕ್ಕಕ್ಕೆ ಕರೆದು ಒಂದೇ ಮಾತು ಕೇಳಿದರು: "ನಿನಗೆ ನಿಜವಾಗಿಯೂ ಗೊತ್ತಾಗಲಿಲ್ವಾ, ಇಲ್ಲ ಗೊತ್ತಿದ್ದೂ ಇಲ್ಲ ಅಂದೆಯಾ?"

ಕೆಂಪರಾಜು ಉತ್ತರ ಹೇಳೋಕೆ ಬಾಯಿ ತೆಗೆದ. ಉತ್ತರ ಅವನಿಗೇ ಗೊತ್ತಿರಲಿಲ್ಲ. ಮೊದಲ ಸಲ ಅವನಿಗೆ ಹೆದರಿಕೆ ಆಯಿತು. ಮೈಗೆ ತಗುಲಿದ್ದೂ ಗೊತ್ತಾಗದ ಹಾಗೆ ಮೈಯನ್ನೇ ಅಭ್ಯಾಸ ಮಾಡಿಸಿಬಿಟ್ಟಿದೀನಾ ನಾನು ಅಂತ.

ಹೆದರಿಕೆ ಆಯಿತು, ಬುದ್ಧಿ ಬರಲಿಲ್ಲ. ಎರಡೂ ಒಂದೇ ದಿನ ಬರೋದಿಲ್ಲ ನೋಡಿ. ಆ ವಾರದಿಂದ ಮೊಣಕಾಲು ನೋಯೋಕೆ ಶುರುವಾಗಿತ್ತು. ತಂಡದ ಡಾಕ್ಟರು ಒತ್ತಿ ನೋಡಿ ನೋವಿದೆಯಾ ಅಂತ ಕೇಳಿದರು. ಇಲ್ಲ ಅಂದ. ಇಲ್ಲಿ? ಇಲ್ಲ. ಇಲ್ಲಿ? ಹಣೆ ಮೇಲೆ ಬೆವರು, ಬಾಯಲ್ಲಿ ಇಲ್ಲ. ಆಡೋಕೆ ಇಳಿದ. ಮೂರನೇ ನಿಮಿಷಕ್ಕೆ ಒಬ್ಬನ ಕಾಲು ಹಿಡಿದು ತಿರುಗಿದ, ಒಳಗೆ ಹಳೇ ಬಟ್ಟೆ ಹರಿದ ಹಾಗೆ ಏನೋ ಹರಿಯಿತು. ಸ್ಟ್ರೆಚರ್ ಮೇಲೆ ಹೊತ್ತುಕೊಂಡು ಹೋದರು. ಆಪರೇಷನ್ ಆಯಿತು. ಓಡಾಡಬಹುದು, ದೊಡ್ಡ ಆಟ ಇನ್ನು ಬೇಡ ಅಂದರು ಡಾಕ್ಟರು. ಅವನಿಗೆ ಆಗ ಇಪ್ಪತ್ತೊಂಬತ್ತು.

ಮನೆಯಲ್ಲಿ ಕಾಲು ಚಾಚಿಕೊಂಡು ಮಲಗಿದ ಮೇಲೆ ಅವನಿಗೆ ಒಂದೊಂದೇ ಕಾಣಿಸಿತು. ನಾಗವೇಣಿ ಹೊತ್ತಿಗೆ ಸರಿಯಾಗಿ ಊಟ ಕೊಡ್ತಾಳೆ, ಮಾತ್ರೆ ಕೊಡ್ತಾಳೆ. ಏನನ್ನೂ ಕೇಳೋದಿಲ್ಲ. ಮಾತ್ರೆ ನುಂಗಿದ್ರಾ ಅಂತ ಕೇಳೋದಿಲ್ಲ, ಸ್ಟ್ರಿಪ್ಪಿನಲ್ಲಿ ಎಷ್ಟು ಉಳಿದಿವೆ ಅಂತ ತಾನೇ ಎಣಿಸಿ ನೋಡ್ತಾಳೆ. ಗ್ಯಾಸ್ ಬುಕ್ ಮಾಡಿದ್ರಾ ಅಂತ ಕೇಳೋದಿಲ್ಲ, ಫೋನ್ ತೆಗೆದು ನೋಡಿಕೊಳ್ತಾಳೆ. ಒಂದು ದಿನ ತಡೆಯಲಾರದೆ ಕೇಳಿದ, ಯಾಕೆ ನನ್ನನ್ನ ಏನೂ ಕೇಳೋದಿಲ್ಲ ನೀನು ಅಂತ.

ಅವಳು ಬಟ್ಟೆ ಮಡಿಸ್ತಾ ಇದ್ದಳು. ಕೋಪವೂ ಇಲ್ಲ, ಅಳುವೂ ಇಲ್ಲ.

"ಕೇಳಿದರೆ ಏನು ಬರುತ್ತೆ ಅಂತ ಗೊತ್ತಲ್ಲ. ಅವತ್ತು ಆ ಗೀರು ನೋಡಿ ಕೇಳಿದೆ, ಎಲ್ಲೋ ತಗುಲಿತು ಅಂದ್ರಿ. ಅವತ್ತೇ ಕೊನೆ. ಸುಳ್ಳು ಹೇಳ್ತೀರ ಅಂತ ಬೇಜಾರಿಲ್ಲ. ನನ್ನನ್ನೂ ಎದುರು ತಂಡದವಳು ಅಂದುಕೊಂಡಿದೀರಲ್ಲ, ಅದಕ್ಕೆ."

ಇಷ್ಟು ಹೇಳಿ ಮಡಿಸಿದ ಬಟ್ಟೆ ಎತ್ತಿಕೊಂಡು ಹೋದಳು.

ಕೆಂಪರಾಜು ಎರಡು ದಿನ ಛಾವಣಿ ನೋಡ್ತಾ ಮಲಗಿದ. ಮೂರನೇ ದಿನ ಬೆಳಿಗ್ಗೆ ಒಲೆ ಮೇಲೆ ಹಾಲಿಟ್ಟು, ನೋಡಿಕೊಳ್ಳಿ ಅಂತ ಹೇಳಿ ಅವಳು ಸ್ನಾನಕ್ಕೆ ಹೋಗಿದ್ದಳು. ಇವನು ಊರುಗೋಲು ಹಿಡಿದು ಒಲೆ ಮುಂದೆ ನಿಂತು ಫೋನ್ ನೋಡ್ತಿದ್ದ. ಹಾಲು ಉಕ್ಕಿ ಒಲೆಯೆಲ್ಲ ಹರೀತು. ಅವಳು ಬಂದು ನೋಡಿ, ಬಟ್ಟೆ ತಗೊಂಡು ಒರೆಸೋಕೆ ಶುರು ಮಾಡಿದಳು. ಕೆಂಪರಾಜುವಿನ ಬಾಯಲ್ಲಿ ಬರ್ನರ್ ಸರಿಯಿಲ್ಲ ಅನ್ನೋ ಮಾತು ತಯಾರಾಗಿ ನಿಂತಿತ್ತು. ನಾಲಿಗೆ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ. ದೊಡ್ಡ ದೊಡ್ಡ ರೈಡರ್‌ಗಳ ಕಾಲು ಹಿಡಿದವನಿಗೆ ಆ ಒಂದು ಮಾತನ್ನು ಹಿಡಿಯೋಕೆ ಎಷ್ಟು ಬಲ ಬೇಕಾಯಿತು ಅಂದರೆ, ಕಿವಿಯೆಲ್ಲ ಬಿಸಿಯಾಯಿತು.

"ನಾನೇ," ಅಂದ. "ಫೋನ್ ನೋಡ್ತಿದ್ದೆ."

ನಾಗವೇಣಿ ಒರೆಸೋದನ್ನ ನಿಲ್ಲಿಸಿದಳು. ಹತ್ತಿರ ಬಂದು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಅವನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ಅಷ್ಟೇ ಸಾಕಾಯಿತು. ಒಂದು ಕಲ್ಲು ತೆಗೆದರೆ ಕಾಲುವೆ ಹರಿಯೋ ಹಾಗೆ ಅವನು ಶುರು ಮಾಡಿದ. ನಲ್ಲಿ ಬಿಟ್ಟಿದ್ದು ನಾನೇ. ಸ್ಕೂಟರ್ ಗೇಟಿಗೆ ಗುದ್ದಿದ್ದು ನಾನೇ. ರೈಲಿನ ಹೊತ್ತು ತಪ್ಪು ಓದಿದ್ದು ನಾನೇ, ಪಾಪ ಆಟೋದವನದೇನೂ ತಪ್ಪಿಲ್ಲ. ನಿಮ್ಮಮ್ಮ ಕೊಟ್ಟ ಗಾಜಿನ ಬಟ್ಟಲು ಒಡೆದದ್ದು ಬೆಕ್ಕಲ್ಲ. ಬಟ್ಟಲು ಒಡೆದದ್ದು ಇವನು ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಬೆಕ್ಕಿಗೆ ಎರಡು ದಿನ ಹಾಲು ಹಾಕದೆ ಶಿಕ್ಷೆ ಕೊಟ್ಟಿದ್ದಳು. ನೆಲದ ಮೇಲೆ ಕೂತು, ಹಾಲಿನ ಬಟ್ಟೆ ಕೈಯಲ್ಲೇ ಹಿಡಿದು ನಕ್ಕಳು, ನಗ್ತಾ ನಗ್ತಾ ಕಣ್ಣೀರು ಬಂತು. ಎಲ್ಲ ಮುಗಿದ ಮೇಲೆ ಅವನು ಮೊಣಕೈ ತೋರಿಸಿದ. ಮುನಿವೆಂಕಟಣ್ಣ ಮುಟ್ಟಿದ್ದ ಅಂದ. ಅವಳ ನಗು ನಿಂತಿತು. ಇದನ್ನು ಹೇಳಬೇಕಾದದ್ದು ನನಗಲ್ಲ ಅಂದಳು.

ಮುಂದಿನ ಭಾನುವಾರ ಊರುಗೋಲು ಊರಿಕೊಂಡು, ಎರಡು ಬಸ್ಸು ಬದಲಾಯಿಸಿ ಮುಳಬಾಗಿಲ ಕಡೆ ಹೋದ. ಮುನಿವೆಂಕಟ ರಜೆ ದಿನ ಬಯಲಿನಲ್ಲಿ ಆ ಊರಿನ ಹೆಣ್ಣುಮಕ್ಕಳಿಗೆ ಕಬಡ್ಡಿ ಹೇಳಿಕೊಡ್ತಿದ್ದ, ಯಾರೂ ಕರೆದಿರಲಿಲ್ಲ, ತಾನಾಗೇ. ಕೆಂಪರಾಜುವನ್ನು ಕಂಡು, ಮೊದಲು ಕಾಲಿಗೇನಾಯ್ತು ಅಂತ ಕೇಳಿ ಕಲ್ಲುಬೆಂಚಿನ ಮೇಲೆ ಕೂರಿಸಿದ. ಕೆಂಪರಾಜು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತೆಲ್ಲ ಮರೆತು, ಅವತ್ತು ಮುಟ್ಟಿತ್ತಣ್ಣ ಅಂದ.

ಮುನಿವೆಂಕಟ ಪಕ್ಕದಲ್ಲಿ ಬಂದು ಕೂತ.

"ನನಗ್ಯಾಕಪ್ಪ ಹೇಳ್ತೀಯ? ಮುಟ್ಟಿದ್ದು ನನ್ನ ಬೆರಳು, ನನಗೆ ಅವತ್ತೇ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೇಳು."

ಕೇಳಿದಿರಾ? ನಾವು ಕ್ಷಮೆ ಕೇಳೋಕೆ ಹೋಗ್ತೀವಿ, ಎಲ್ಲಿ? ಮೂಲೆಯಲ್ಲಿ, ಯಾರೂ ಇಲ್ಲದಾಗ. ಮರ್ಯಾದೆ ತೆಗೆದದ್ದು ನಾಲ್ಕು ಜನರ ಮುಂದೆ, ಕ್ಷಮೆ ಕೇಳೋದು ಬಾಗಿಲು ಹಾಕಿಕೊಂಡು. ಅದು ಸಾಲದು ಅಂದ ಮುನಿವೆಂಕಟ.

ಕೆಂಪರಾಜು ಮನೆಗೆ ಬಂದು ನಾಗವೇಣಿ ಕೈಗೆ ಫೋನ್ ಕೊಟ್ಟು, ವಿಡಿಯೋ ತೆಗಿ ಅಂದ. ಗೋಡೆ ಮುಂದೆ ನಿಂತ. ಅವಳು ಹ್ಞೂಂ ಅಂದಳು. ಎಲ್ಲರಿಗೂ ನಮಸ್ಕಾರ, ಅವತ್ತು ಸೆಮಿಫೈನಲ್‌ನಲ್ಲಿ ಮುನಿವೆಂಕಟಣ್ಣ ನನ್ನನ್ನು ಮುಟ್ಟಲಿಲ್ಲ, ಅಂದುಬಿಟ್ಟ. ನಾಗವೇಣಿ ಫೋನ್ ಕೆಳಗಿಳಿಸಿ ಅದನ್ನು ಅಳಿಸಿದಳು. ನೋಡಿ, ಅಭ್ಯಾಸ ಅಂದರೆ ಇದು. ಮನಸ್ಸು ಬದಲಾಗಿತ್ತು, ಬಾಯಿಗೆ ಇನ್ನೂ ಸುದ್ದಿ ಹೋಗಿರಲಿಲ್ಲ. ಎರಡನೇ ಸಲ ಮುಟ್ಟಿದ್ದ ಅಂತ ಸರಿಯಾಗಿ ಹೇಳಿದ, ಆದರೆ ಹಿಂದೆ, ರೆಫರಿ ಸರಿಯಾಗಿ ನೋಡಬೇಕಿತ್ತು ಅಂತ ಬಾಲ ಸೇರಿಸಿದ. ಅವಳು ಅದನ್ನೂ ಅಳಿಸಿದಳು. ಮೂರನೇ ಸಲ ಬಂತು ನೇರವಾಗಿ. ಮುಟ್ಟಿದ್ದು ನಿಜ. ಅವರು ಕೇಳಿದಾಗ ಇಲ್ಲ ಅಂದವನು ನಾನು. ಸುಳ್ಳು ಹೇಳಿದ್ದು ನಾನು, ಅವರಲ್ಲ. ಅಷ್ಟೇ. ಅದನ್ನು ಹಾಕಿದರು.

ಆಮೇಲೆ ಏನಾಯ್ತು? ಎಲ್ಲರೂ ಚಪ್ಪಾಳೆ ತಟ್ಟಿ ಮಾಲೆ ಹಾಕಿದರಾ? ಇಲ್ಲ. ಸುಳ್ಳಾಡಿ ನಿಮಗೆ ಮೋಸ ಮಾಡೋಕೆ ನನಗಿಷ್ಟ ಇಲ್ಲ. ಉಗಿದರು. ಗೆದ್ದ ಕಪ್ ವಾಪಸ್ ಕೊಡು ಅಂದರು. ಅವನ ಜೊತೆಗೇ ಆಡಿದವರು ಫೋನ್ ಎತ್ತೋದನ್ನು ಬಿಟ್ಟರು. ಇಲಾಖೆಯವರು ಕರೆಸಿ, ಎರಡು ವರ್ಷ ತಂಡದ ಕೆಲಸದ ಹತ್ತಿರ ಬರಬೇಡ ಅಂತ ಹೇಳಿ ಗುಮಾಸ್ತನ ಮೇಜಿಗೆ ಕೂರಿಸಿದರು. ಊರಲ್ಲಿ ಚಿಕ್ಕತಾಯಮ್ಮ ಹದಿನೈದು ದಿನ ಮಗನ ಜೊತೆ ಮಾತಾಡಲಿಲ್ಲ. ಹದಿನಾರನೇ ದಿನ ಫೋನ್ ಮಾಡಿ, ಹಂಗಾರೆ ಆ ಮಿಠಾಯಿ ತಿಂದಿದ್ದೂ ನೀನೇನಾ ಅಂತ ಕೇಳಿದಳು. ಹೂಂ ಕಣವ್ವ ಅಂದ. ಇರುವೆಗೆ ಶಾಪ ಹಾಕಿಬಿಟ್ನಲ್ಲೋ ಅಂತ ನೊಂದುಕೊಂಡಳು ಪುಣ್ಯಾತ್ಗಿತ್ತಿ.

ಮುನಿವೆಂಕಟನ ಹೆಸರು ಮಾತ್ರ ತೊಳೆದಿಟ್ಟ ಹಾಗಾಯಿತು. ಬೇಡ ಅಂದಿದ್ದ ತರಬೇತಿ ಕೇಂದ್ರದವರೇ ಕಾರು ಮಾಡಿಕೊಂಡು ಬಂದು ಕರೆದರು. ಅವನು ಹೋದ. ಎರಡು ವರ್ಷದಲ್ಲಿ ಅವನ ಹೆಣ್ಣುಮಕ್ಕಳ ತಂಡ ರಾಜ್ಯಕ್ಕೇ ಮೊದಲು ಬಂತು. ಸಮಿತಿಯವರು ಖುಷಿಯಾಗಿ, ಏನು ಬೇಕು ಕೇಳಿ ಅಂದರು. ಹಿಡಿಯೋದನ್ನು ಕಲಿಸೋಕೆ ಕೆಂಪರಾಜು ಬೇಕು ಅಂದ. ಸಮಿತಿಯವರ ಮುಖ ಸಪ್ಪಗಾಯಿತು. ನಿಮ್ಮ ಮಾನ ತೆಗೆದವನು, ಎಲ್ಲರಿಗೂ ಸುಳ್ಳುಗಾರ ಅಂತ ಗೊತ್ತಿರೋನು, ಅವನನ್ನು ಮಕ್ಕಳ ಮಧ್ಯೆ ಬಿಡೋದಾ ಅಂದರು.

ಕಬಡ್ಡಿಯ ಒಂದು ನಿಯಮ ನಾನು ನಿಮಗೆ ಹೇಳಿರಲಿಲ್ಲ. ಔಟಾಗಿ ಹೊರಗೆ ಹೋದವನು ಸತ್ತುಹೋದ ಅಂತಲ್ಲ. ಅವನ ತಂಡದವರು ಎದುರಾಳಿಯಲ್ಲಿ ಒಬ್ಬನನ್ನು ಔಟ್ ಮಾಡಿದರೆ, ಹೊರಗೆ ಕೂತ ನಮ್ಮವನೊಬ್ಬ ಎದ್ದು ಒಳಗೆ ಬರ್ತಾನೆ. ಕರೆಸಿಕೊಳ್ಳೋದು ಜೊತೆಯವರ ಕೆಲಸ. ಮುನಿವೆಂಕಟ ಸಮಿತಿಯವರಿಗೆ ಹೇಳಿದ ಮಾತು ಇಷ್ಟೇ:

"ಅವನು ತಾನಾಗಿ ಕೈ ಎತ್ತಿ ಹೊರಗೆ ಹೋಗಿ ಎರಡು ವರ್ಷದಿಂದ ಕೂತಿದಾನೆ ಸ್ವಾಮಿ. ನಾನು ಪಾಯಿಂಟ್ ತಂದಿದೀನಿ. ಇನ್ನು ಅವನು ಒಳಗೆ ಬರಬೇಕು."

ಕೆಂಪರಾಜು ಬಂದ. ಈಗಲೂ ಅಲ್ಲೇ ಇದಾನೆ. ಕುಂಟುತ್ತಾ ಓಡಾಡಿ ಕಲಿಸ್ತಾನೆ. ಅವನ ಹತ್ತಿರ ಕಲಿತ ಹುಡುಗಿಯರ ಕೈಗೆ ಸಿಕ್ಕ ಕಾಲು ಬಿಡಿಸಿಕೊಳ್ಳೋದು ಕಷ್ಟ ಅಂತಾರೆ. ಮುಟ್ಟಿಸಿಕೊಂಡರೆ ರೆಫರಿ ಕಡೆ ತಿರುಗಿಯೂ ನೋಡದೆ ನಡೆದು ಹೊರಗೆ ಹೋಗ್ತಾರಂತೆ. ಮನೆಯಲ್ಲಿ ನಾಗವೇಣಿ ಮತ್ತೆ ಪ್ರಶ್ನೆ ಕೇಳೋಕೆ ಶುರು ಮಾಡಿದಾಳೆ, ಬೆಳಗಿಂದ ಸಂಜೆತನಕ ಕೇಳ್ತಾಳೆ, ಕೆಲವು ಸಲ ಅವನಿಗೆ ಸಾಕಾಗುತ್ತೆ. ಸಾಕಾಗಲಿ. ಕೇಳೋರು ಇದಾರೆ ಅನ್ನೋದು ಎಂಥ ಭಾಗ್ಯ ಅಂತ ಅವನಿಗೆ ಗೊತ್ತು.

ಕಥೆ ಮುಗೀತು. ಈಗ ನಿಮ್ಮ ಕಡೆ ಬರ್ತೀನಿ. ನಗ್ತಾ ಇದ್ದವರು ಸ್ವಲ್ಪ ಸರಿಯಾಗಿ ಕೂತುಕೊಳ್ಳಿ.

ನೀವು ಕಬಡ್ಡಿ ಆಡೋದಿಲ್ಲ. ಆದರೆ ನಿಮ್ಮ ಮನೆಯಲ್ಲಿ ಮೋಟಾರ್ ಆಫ್ ಮಾಡದೆ ಹೋದವರು ಯಾರು? ನಾನಲ್ಲ. ಮೊಸರಿನ ಪಾತ್ರೆ ಮುಚ್ಚದೆ ಬಿಟ್ಟವರು ಯಾರು? ನಾನಲ್ಲ. ನಾದಿನಿ ಬಗ್ಗೆ ಆ ಮಾತು ಆಡಿದವರು ಯಾರು? ಛೆ ಛೆ, ನಾನು ಹಾಗಂದೇ ಇಲ್ಲ. ಹೀಗೆ ದಿನಕ್ಕೆ ಹತ್ತು ಸಲ ಗೆಲ್ತೀವಿ. ಗೆದ್ದು ಗೆದ್ದು ಕೊನೆಗೆ ಮನೆಯವರು ನಮ್ಮನ್ನು ಏನೂ ಕೇಳದೇ ಇರೋ ಹಾಗೆ ಮಾಡಿಕೊಳ್ತೀವಿ. ಒಳಗೇ ನಿಂತಿರ್ತೀವಿ, ಆದರೆ ನಮ್ಮ ಜೊತೆ ಯಾರೂ ಆಡ್ತಿರೋದಿಲ್ಲ.

ಅದಕ್ಕೇ ಹೇಳ್ತೀನಿ, ಇವತ್ತಿನಿಂದ ಒಂದು ಕೆಲಸ ಮಾಡಿ. ದೊಡ್ಡ ಪಾಪಗಳಿಂದ ಶುರು ಮಾಡಬೇಡಿ, ಅದಕ್ಕೆ ಧೈರ್ಯ ಸಾಲದು. ಉಕ್ಕಿದ ಹಾಲಿನಿಂದ ಶುರು ಮಾಡಿ. ದಿನಕ್ಕೆ ಒಂದು ಸಲ, ಯಾರೂ ಕೇಳೋ ಮೊದಲೇ, ನಾನೇ ಅಂತ ಹೇಳಿ. ಹೇಳಿದ ಮೇಲೆ ಬಾಯಿ ಮುಚ್ಚಿ. ತಪ್ಪಾಯ್ತು, ಆದರೆ, ಅಂತ ಮುಂದುವರಿಸಬೇಡಿ. ಆ ಆದರೆ ಅನ್ನೋ ಮಾತು ಬಂತು ಅಂದರೆ ಹಿಂದೆ ಹೇಳಿದ್ದೆಲ್ಲ ಅಳಿಸಿಹೋಯಿತು ಅಂತಲೇ ಲೆಕ್ಕ. ನಾಲ್ಕು ಜನರ ಮುಂದೆ ಒಬ್ಬರ ಮೇಲೆ ತಪ್ಪು ಹೊರಿಸಿದ್ದರೆ, ಆ ನಾಲ್ಕು ಜನರನ್ನೇ ಸೇರಿಸಿ ಒಪ್ಪಿಕೊಳ್ಳಿ.

ಇನ್ನು ತಪ್ಪೊಪ್ಪಿಗೆ ಕೇಳಿಸಿಕೊಳ್ಳೋರಿಗೂ ಒಂದು ಮಾತಿದೆ. ನಿಮ್ಮ ಮಗ ಬಂದು ನಾನೇ ಅಂದಾಗ, ಸೊಸೆ ಬಂದು ನಾನೇ ಅಂದಾಗ, ನಂಗೊತ್ತಿತ್ತು ಅಂತ ಕುಣಿಯಬೇಡಿ. ಹತ್ತು ವರ್ಷದ ಹಳೇ ಕಡತ ಬಿಚ್ಚಬೇಡಿ. ಅವರು ಹೊರಗೆ ಹೋಗಿ ಕೂತಿದಾರೆ. ಒಳಗೆ ಕರೆಯೋದು ನಿಮ್ಮ ಕೈಯಲ್ಲಿದೆ. ಊಟಕ್ಕೆ ಬಾ ಅನ್ನಿ, ಅಷ್ಟು ಸಾಕು.

ಎಲ್ಲರಿಗೂ ಹೇಳಿ ನಾನು ಮಾತ್ರ ಜಾರಿಕೊಂಡರೆ ಹೇಗೆ? ಮೊನ್ನೆ ಗುರುವಾರ ನಾನು ಮುಕ್ಕಾಲು ಗಂಟೆ ತಡವಾಗಿ ಬಂದೆ. ನೀವೆಲ್ಲ ಕಾದು ಕೂತಿದ್ರಿ, ಮಕ್ಕಳು ಅಳ್ತಿದ್ದವು. ಬಸ್ಸು ದಾರಿಯಲ್ಲಿ ಕೆಟ್ಟುಹೋಯಿತು ಅಂತ ಹೇಳಿದೆ. ಬಸ್ಸು ಚೆನ್ನಾಗಿಯೇ ಇತ್ತು. ಹೋಳಿಗೆ ಊಟ ಮಾಡಿ ಮಲಗಿಬಿಟ್ಟಿದ್ದೆ. ನಾನೇ.

ಈಗ ಎದ್ದು ಮನೆಗೆ ಹೋಗಿ. ಬಾಗಿಲು ತೆಗೆದವರು ಯಾರೇ ಆಗಲಿ, ಅವರಿಗೆ ನಿಮ್ಮದನ್ನು ಹೇಳಿ.